ಹವ್ಯಾಸಿಯ ವಿಜ್ಞಾನ ಮತ್ತು ಬರವಣಿಗೆಯ ಋಣ

(ಹಗರಿಬೊಮ್ಮನಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿಯೊಂದನ್ನು ಇರಿಸುವವರ ಮನಸ್ಸಿನಲ್ಲಿ, ತಾವು ಗಳಿಸಿದುದರಲ್ಲಿ ಒಂದು ಭಾಗವಾದರೂ ತಮ್ಮ ಆಯುಷ್ಯದೊಡನೆ ಮುಗಿದುಹೋಗದೆ, ತಾವು ಕಾಣದ ಮುಂದಿನವರ ಉಪಯೋಗಕ್ಕೆ ಒದಗಲಿ ಎಂಬ ಸಂಕಲ್ಪವಿರುತ್ತದೆ. ಧನದ ವಿಷಯದಲ್ಲಿ ಈ ಸಂಕಲ್ಪ ನಮ್ಮ ಸಮಾಜಕ್ಕೆ ಹೊಸದಲ್ಲ. ಕೆರೆ ಕಟ್ಟಿಸಿದವರು, ಛತ್ರ ಕಟ್ಟಿಸಿದವರು, ಶಾಲೆಗೆ ಭೂಮಿ ಬಿಟ್ಟವರು ನಮ್ಮ ಊರೂರಿನಲ್ಲಿಯೂ ಆಗಿಹೋಗಿದ್ದಾರೆ. ಆದರೆ ಕೈಯಿಂದ ಮಾಡಿ ಕಂಡುಕೊಂಡ ಅನುಭವದ ವಿಷಯದಲ್ಲಿ ಈ ಔದಾರ್ಯ ಇನ್ನೂ ರೂಢಿಗೆ ಬಂದಿಲ್ಲ. ಒಬ್ಬ ಮನುಷ್ಯ ಇಪ್ಪತ್ತು ವರ್ಷ ಶ್ರಮಿಸಿ ಕಂಡುಕೊಂಡ ಒಂದು ಯುಕ್ತಿ, ಅವನು ಕಣ್ಣು ಮುಚ್ಚಿದೊಡನೆ ಅವನ ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿದು, ಕೊನೆಗೆ ಗುಜರಿಯವನ ತಕ್ಕಡಿಗೆ ಏರುವುದನ್ನು ನಾವೆಲ್ಲರೂ ಕಂಡವರೇ.

ಆದುದರಿಂದ, ಸಂಬಳಕ್ಕಾಗಲಿ ಪರೀಕ್ಷೆಯ ಅಂಕಕ್ಕಾಗಲಿ ಅಲ್ಲದೆ, ಕೇವಲ ಕುತೂಹಲದಿಂದಲೋ ತಮ್ಮ ಮನೆ ಹೊಲಗಳ ಅಗತ್ಯದಿಂದಲೋ ಜನಸಾಮಾನ್ಯರು ಮಾಡುತ್ತಿರುವ ವಿಜ್ಞಾನ ಮತ್ತು ತಂತ್ರವಿದ್ಯೆಯ ಪ್ರಯೋಗಗಳನ್ನು ಬರೆದಿಡುವುದು, ಬರೆದುದನ್ನು ಇತರರೊಡನೆ ಹಂಚಿಕೊಳ್ಳುವುದು, ಇದನ್ನೇ ಇಂದಿನ ಉಪನ್ಯಾಸದ ವಿಷಯವನ್ನಾಗಿ ಆರಿಸಿಕೊಂಡಿದ್ದೇನೆ. ನಾನು ಪ್ರತಿಪಾದಿಸಬೇಕೆಂದಿರುವ ಮಾತು ಒಂದೇ: ಹವ್ಯಾಸಿಯನ್ನು ಎಂದೂ ಕಾಣದ ಇನ್ನೊಬ್ಬನು, ಅವನ ಬರಹವೊಂದನ್ನೇ ಆಧಾರವಾಗಿಟ್ಟುಕೊಂಡು, ಅದೇ ಪ್ರಯೋಗವನ್ನು ಮತ್ತೊಮ್ಮೆ ನಡೆಸಲು ಶಕ್ತನಾದಾಗಲೇ ಆ ಪ್ರಯೋಗ ಪೂರ್ಣವಾಯಿತೆಂದು ತಿಳಿಯಬೇಕು. ಈ ಮಾತನ್ನು ನಾಲ್ಕು ಭಾಗಗಳಲ್ಲಿ ವಿವರಿಸುತ್ತೇನೆ. ವಿಜ್ಞಾನದಲ್ಲಿ ಹವ್ಯಾಸಿಗಿರುವ ಸ್ಥಾನವೇನು ಎಂಬುದು ಮೊದಲನೆಯದು. ದಾಖಲೆಯೆಂದರೆ ಏನನ್ನು, ಹೇಗೆ ಬರೆಯಬೇಕು ಎಂಬುದು ಎರಡನೆಯದು. ಸೋಲನ್ನು ಬರೆಯುವುದರ ಹಾಗೂ ಗುಟ್ಟನ್ನು ಕಾಯುವುದರ ಫಲಾಫಲಗಳು ಮೂರನೆಯದು. ಕನ್ನಡದಲ್ಲಿ ಹಂಚಿಕೊಳ್ಳುವ ಕ್ರಮವೂ ಈ ಸೀಮೆಯಲ್ಲಿ ನಾವು ಕೈಗೊಳ್ಳಬಹುದಾದ ಕಾರ್ಯವೂ ಕೊನೆಯದು.

ಒಂದು

ವಿಜ್ಞಾನವೆಂದರೆ ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಲ್ಲಿ ನಡೆಯತಕ್ಕ ಕಾರ್ಯ, ಯಂತ್ರವೆಂದರೆ ಕಾರ್ಖಾನೆಯಲ್ಲಿ ತಯಾರಾಗಿ ಅಂಗಡಿಗೆ ಬರತಕ್ಕ ವಸ್ತು ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಇತಿಹಾಸವು ಈ ಭಾವನೆಯನ್ನು ಸಮರ್ಥಿಸುವುದಿಲ್ಲ. 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲಕತ್ತೆಗೆ ಹೋದ ಸಿ. ವಿ. ರಾಮನ್ ಅವರು, 1917ರಲ್ಲಿ ಪ್ರಾಧ್ಯಾಪಕ ಪದವಿಯನ್ನು ಸ್ವೀಕರಿಸುವವರೆಗೂ, ಹಗಲೆಲ್ಲ ಸರಕಾರದ ಲೆಕ್ಕಪತ್ರಗಳನ್ನು ನೋಡಿ, ಕಚೇರಿಗೆ ಮುಂಚಿನ ಮತ್ತು ಅನಂತರದ ವೇಳೆಯಲ್ಲಿ ಬೌ ಬಜಾರಿನ ವಿಜ್ಞಾನ ಸಂಘದ ಕೊಠಡಿಯಲ್ಲಿ ತಂತಿವಾದ್ಯಗಳ ಕಂಪನವೇ ಮೊದಲಾದ ವಿಷಯಗಳನ್ನು ಕುರಿತು ಪ್ರಯೋಗಗಳನ್ನು ನಡೆಸುತ್ತಿದ್ದರು. ಅವರು ಸಂಬಳ ಪಡೆಯುತ್ತಿದ್ದುದು ಲೆಕ್ಕಾಧಿಕಾರಿಯೆಂದು. ವಿಜ್ಞಾನ ಅವರ ಬಿಡುವಿನ ವೇಳೆಯ ವ್ಯವಸಾಯವಾಗಿತ್ತು. ಆದರೆ ಆ ವೇಳೆಯಲ್ಲಿ ಕಂಡುದನ್ನು ಅವರು ತಡಮಾಡದೆ ಬರೆದು ವಿಜ್ಞಾನಪತ್ರಿಕೆಗಳಿಗೆ ಕಳುಹಿಸಿದರು. ಪ್ರಾಧ್ಯಾಪಕ ಪೀಠವು ಅವರನ್ನು ಹುಡುಕಿಕೊಂಡು ಬಂದುದು ಆ ಬರಹಗಳ ಬಲದಿಂದ.

ನಮ್ಮ ನಾಡಿಗೇ ಸೇರಿದ ಇನ್ನೊಂದು ನಿದರ್ಶನವನ್ನು ನೋಡೋಣ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು, ‘ವಿಠ್ಠಲ ವಿಹಾರ’ವೆಂಬ ತಮ್ಮ ಸ್ವಂತ ಮನೆಯಿಂದ, ಅಲ್ಪಶಕ್ತಿಯ ಪ್ರೇಷಕವೊಂದರ ನೆರವಿನಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಅವರು ತಂತಿರಹಿತ ವಿದ್ಯೆಯ ಇಂಜಿನಿಯರಲ್ಲ. ಸರಕಾರ ಅವರಿಗೆ ಆ ಕೆಲಸವನ್ನು ವಹಿಸಿರಲಿಲ್ಲ. ಆದರೂ ಆ ಮನೆಯ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ 1950ರ ದಶಕದಲ್ಲಿ ಭಾರತದ ಬಾನುಲಿಯ ಹೆಸರಾಯಿತು. ಗೋಪಾಲಸ್ವಾಮಿಯವರು ಆ ಕೇಂದ್ರವನ್ನು ತಮ್ಮ ಮನೆಯ ವಿನೋದವಾಗಿ ಇಟ್ಟುಕೊಳ್ಳದೆ, ಸಾಹಿತಿಗಳನ್ನೂ ಸಂಗೀತಗಾರರನ್ನೂ ಕರೆತಂದು ಊರಿನ ಸ್ವತ್ತನ್ನಾಗಿ ಮಾಡಿ, ಕೆಲವು ವರ್ಷಗಳ ಬಳಿಕ ಸಂಸ್ಥಾನಕ್ಕೆ ಒಪ್ಪಿಸಿದರು. ಹವ್ಯಾಸವು ಸಂಸ್ಥೆಯಾಗಿ ಬೆಳೆಯುವುದು ಇಂಥ ಒಪ್ಪಿಸುವಿಕೆಯಿಂದ.

ಮೂರನೆಯ ನಿದರ್ಶನ ನಮ್ಮ ಹೊಲಗಳಿಗೆ ಇನ್ನೂ ಹತ್ತಿರವಾದುದು. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ಗೌರವ ಸಂದಿತು. ನಸುಕಿನಲ್ಲಿ ತಮ್ಮನ್ನು ಎಬ್ಬಿಸಲೆಂದು, ಅಲಾರಾಂ ಗಡಿಯಾರದ ಕೀಲಿ ತಿರುಗಿದಂತೆ ದಾರವು ಸುತ್ತಿಕೊಂಡು, ಕಟ್ಟಿದ್ದ ಸೀಸೆ ವಾಲಿ, ನೀರು ಮುಖದ ಮೇಲೆ ಬೀಳುವ ಒಂದು ಏರ್ಪಾಟನ್ನು ಮಾಡಿಕೊಂಡುದು ಅವರ ಮೊದಲ ಸಾಧನವೆಂದು ಪ್ರಸಿದ್ಧವಾಗಿದೆ. ಮುಂದೆ ಅವರು ಹುಣಸೆಯ ಬೀಜ ಬೇರ್ಪಡಿಸುವ ಯಂತ್ರವನ್ನೂ, ಬೀಜ ಗೊಬ್ಬರಗಳನ್ನು ಒಟ್ಟಿಗೆ ಬಿತ್ತುವ ಕೂರಿಗೆಯನ್ನೂ ರೂಪಿಸಿದರು. ‘ನಡಕಟ್ಟಿನ ಕೂರಿಗೆ’ ಎಂದರೆ ಉತ್ತರ ಕರ್ನಾಟಕದ ರೈತರಿಗೆ ಪರಿಚಿತವಾದ ಹೆಸರು. ಒಣಭೂಮಿಯಲ್ಲಿ ಹುಣಸೆ ಬೆಳೆದವನಿಗೆ ಹುಣಸೆ ಬಿಡಿಸುವ ಕಷ್ಟ ತಿಳಿದಿತ್ತು. ಆ ಕಷ್ಟವೇ ಯಂತ್ರಕ್ಕೆ ಕಾರಣವಾಯಿತು. ಹವ್ಯಾಸಿಯ ವಿಶೇಷ ಅಧಿಕಾರ ಇರುವುದು ಇಲ್ಲಿಯೇ. ಸಮಸ್ಯೆಯೊಡನೆ ಅವನು ನಿತ್ಯವೂ ಬದುಕುತ್ತಾನೆ. ಪರಿಹಾರ ಸರಿಯಾಯಿತೋ ಇಲ್ಲವೋ ಎಂಬುದನ್ನು ಮರುದಿನ ಬೆಳಿಗ್ಗೆಯೇ ಅರಿಯಬಲ್ಲನು.

ಈ ಮೂವರ ಹೆಸರು ಲೋಕಕ್ಕೆ ತಿಳಿಯಿತು. ಹಳೆಯ ಮೋಟಾರುಸೈಕಲ್ಲಿಗೆ ಎಡೆಕುಂಟೆ ಜೋಡಿಸಿದವರು, ಬಿಸಿಲಿನಿಂದ ಮೆಣಸಿನಕಾಯಿ ಒಣಗಿಸುವ ಪೆಟ್ಟಿಗೆ ಕಟ್ಟಿದವರು, ರಾತ್ರಿ ಕರೆಂಟು ಬಂದಾಗ ತಾನಾಗಿ ಪಂಪು ಶುರುವಾಗುವಂತೆ ಮಾಡಿಕೊಂಡವರು, ಇಂಥ ಹೆಸರಿಲ್ಲದವರು ನಮ್ಮ ಸೀಮೆಯಲ್ಲಿಯೂ ಇದ್ದಾರೆ. ಅವರ ಬುದ್ಧಿಗೆ ಕೊರತೆಯಿಲ್ಲ, ಕೈಗೂ ಕೊರತೆಯಿಲ್ಲ, ಕೊರತೆಯಿರುವುದು ಬರಹಕ್ಕೆ.

ಎರಡು

ಇಷ್ಟನ್ನು ಪೀಠಿಕೆಯಾಗಿಟ್ಟುಕೊಂಡು, ದಾಖಲೆಯೆಂದರೇನು ಎಂಬ ಎರಡನೆಯ ಭಾಗಕ್ಕೆ ಬರುತ್ತೇನೆ. ಈ ವಿಷಯದಲ್ಲಿ ಆದರ್ಶಪ್ರಾಯನಾದವನು ಮೈಕೆಲ್ ಫ್ಯಾರಡೆ. ಲಂಡನ್ನಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಈ ತರುಣನು 1812ರಲ್ಲಿ ಹಂಫ್ರಿ ಡೇವಿಯವರ ಉಪನ್ಯಾಸಗಳನ್ನು ಕೇಳಿ, ಟಿಪ್ಪಣಿ ಬರೆದು, ಚಿತ್ರ ತೆಗೆದು, ತಾನೇ ರಟ್ಟು ಕಟ್ಟಿ ಆ ಪುಸ್ತಕವನ್ನು ಡೇವಿಗೆ ಕಳುಹಿಸಿದನು. 1813ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಯೋಗಶಾಲೆಯಲ್ಲಿ ಸಹಾಯಕನಾದನು. 1832ರಿಂದ ಅವನು ತನ್ನ ಪ್ರಯೋಗದ ದಿನಚರಿಯ ಪ್ರತಿಯೊಂದು ಪರಿಚ್ಛೇದಕ್ಕೂ ಅನುಕ್ರಮವಾಗಿ ಸಂಖ್ಯೆಯನ್ನು ಕೊಡುತ್ತ ಹೋದನು. ಆ ಸಂಖ್ಯೆ ಕೊನೆಗೆ 16,000ವನ್ನು ದಾಟಿತು. ಗಣಿತದ ಶಿಕ್ಷಣವಿಲ್ಲದ ಒಬ್ಬ ಮನುಷ್ಯ, ಹತ್ತು ವರ್ಷದ ಹಿಂದೆ ತಾನು ಕಂಡುದನ್ನು ಇಂದು ಕಂಡುದರೊಡನೆ ಜೋಡಿಸುವುದಕ್ಕೆ ಆ ಸಂಖ್ಯೆಗಳೇ ಸೇತುವೆಯಾದುವು. ನೆನಪು ತನಗೆ ಬೇಕಾದುದನ್ನು ಉಳಿಸಿಕೊಂಡು ಬೇಡವಾದುದನ್ನು ಕಳೆಯುತ್ತದೆ. ಅಂದಂದೇ ಬರೆದ ಬರಹವು ಎರಡನ್ನೂ ಕಾಯುತ್ತದೆ.

ಬರೆಯುವ ಶಿಸ್ತು ಕಲಿಯುವುದಕ್ಕೆ ಅಷ್ಟು ದೂರ ಹೋಗಬೇಕಾದುದಿಲ್ಲ. ನಮ್ಮ ದೇಶದಲ್ಲಿ ಪರೀಕ್ಷೆ ಕೊಟ್ಟು, ಸರಕಾರದ ಪರವಾನಗಿ ಪಡೆದು, ಮನೆಯಿಂದಲೇ ರೇಡಿಯೋ ಸಂಪರ್ಕ ನಡೆಸುವ ಹ್ಯಾಮ್‌ಗಳೆಂಬ ಹವ್ಯಾಸಿಗಳಿದ್ದಾರೆ. ಅವರಿಗೆ ತರಬೇತು ಕೊಡುವ ಭಾರತೀಯ ಹ್ಯಾಮ್ ಸಂಸ್ಥೆ ಬೆಂಗಳೂರಿನಲ್ಲಿದೆ. ಪ್ರತಿಯೊಂದು ಸಂಪರ್ಕಕ್ಕೂ ಅವರು ತಮ್ಮ ಲಾಗ್ ಪುಸ್ತಕದಲ್ಲಿ ದಿನಾಂಕ, ಲೋಕದವರೆಲ್ಲರೂ ಒಪ್ಪಿದ ಒಂದೇ ಕಾಲಮಾನದ ಗಂಟೆ ನಿಮಿಷ, ಆವರ್ತಾಂಕ, ಎದುರಿನವರ ಕರೆಸಂಕೇತ, ಕೇಳಿಸಿದ ಧ್ವನಿಯ ಸ್ಪಷ್ಟತೆಗೆ ಒಂದರಿಂದ ಐದರವರೆಗೆ, ಶಕ್ತಿಗೆ ಒಂದರಿಂದ ಒಂಬತ್ತರವರೆಗೆ ಅಂಕಿ, ಇವಿಷ್ಟನ್ನೂ ಬರೆಯುತ್ತಾರೆ. ಅನಂತರ ಎರಡೂ ಕಡೆಯವರು ಒಬ್ಬರಿಗೊಬ್ಬರು ಕಾರ್ಡು ಕಳುಹಿಸಿ ಆ ಸಂಪರ್ಕವನ್ನು ದೃಢಪಡಿಸುತ್ತಾರೆ. ‘ನಿನ್ನೆ ರಾತ್ರಿ ಜಪಾನಿನವರೊಡನೆ ಮಾತನಾಡಿದೆ’ ಎಂಬ ಬಾಯಿಮಾತಿಗೂ ಈ ಲಾಗ್ ಪುಸ್ತಕದ ಒಂದು ಸಾಲಿಗೂ ಇರುವ ಅಂತರವೇ ಹವ್ಯಾಸಕ್ಕೂ ವಿಜ್ಞಾನಕ್ಕೂ ಇರುವ ಅಂತರ.

ಯಾರು ಬೇಕಾದರೂ ನಾಳೆಯೇ ಆರಂಭಿಸಬಹುದಾದ ಒಂದು ಪ್ರಯೋಗವನ್ನು ಉದಾಹರಣೆಗೆ ತೆಗೆದುಕೊಂಡು ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತೇನೆ. ವರ್ಷಕ್ಕೆ ಐದುನೂರರಿಂದ ಏಳುನೂರು ಮಿಲಿಮೀಟರಿನಷ್ಟೇ ಮಳೆ ಕಾಣುವ ಈ ಸೀಮೆಯಲ್ಲಿ ಮಳೆಯ ಅಳತೆಗಿಂತ ಮಹತ್ವದ ಲೆಕ್ಕ ಬೇರೊಂದಿಲ್ಲ. ನೇರ ಗೋಡೆಯ ಒಂದು ಡಬ್ಬಿಯನ್ನು ಮರ ಮನೆಗಳಿಂದ ದೂರವಾಗಿ, ಬಯಲಿನಲ್ಲಿ, ಮಟ್ಟಸವಾಗಿ ನಿಲ್ಲಿಸಿದರೆ, ಅದರಲ್ಲಿ ನಿಂತ ನೀರಿನ ಆಳವೇ ಮಳೆಯ ಅಳತೆ. ಹತ್ತು ಸೆಂಟಿಮೀಟರು ಬಾಯಿಯ ಆಲಿಕೆಯಿಂದ ಐದು ಸೆಂಟಿಮೀಟರು ಅಗಲದ ಸೀಸೆಗೆ ನೀರು ಇಳಿಯುವಂತೆ ಮಾಡಿದರೆ, ವಿಸ್ತೀರ್ಣ ನಾಲ್ಕರಷ್ಟಾಗುವುದರಿಂದ, ಸೀಸೆಯಲ್ಲಿನ ನಾಲ್ಕು ಮಿಲಿಮೀಟರು ನೀರು ಒಂದು ಮಿಲಿಮೀಟರು ಮಳೆಗೆ ಸಮನಾಗಿ, ಸಣ್ಣ ಮಳೆಯನ್ನೂ ನಿಖರವಾಗಿ ಓದಬಹುದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಒಂದು ಎಕರೆಗೆ ಅದು ಸುಮಾರು 4,047 ಲೀಟರು. 25 ಮಿಲಿಮೀಟರಿನ ಒಂದು ಹದಮಳೆ ಎಂದರೆ ಎಕರೆಗೆ ಲಕ್ಷ ಲೀಟರಿಗೂ ಮೀರಿದ ನೀರು. ಹವಾಮಾನ ಇಲಾಖೆಯವರು ಅಳೆಯುವ ಬೆಳಿಗ್ಗೆ 8.30ರ ಹೊತ್ತಿಗೇ ನಾವೂ ಅಳೆದರೆ, ನಮ್ಮ ಅಂಕಿಯನ್ನು ಅವರ ಅಂಕಿಯ ಪಕ್ಕದಲ್ಲಿ ಇಡಬಹುದು. ಮಳೆ ಬಾರದ ದಿನ ಸೊನ್ನೆಯನ್ನು ಬರೆಯಬೇಕು. ಅಳೆಯದ ದಿನ ಅಳೆಯಲಿಲ್ಲವೆಂದು ಬರೆಯಬೇಕು. ಈ ಎರಡನ್ನೂ ಒಂದೇ ಖಾಲಿ ಜಾಗವಾಗಿ ಬಿಟ್ಟರೆ ವರ್ಷದ ಲೆಕ್ಕವೆಲ್ಲ ಸಂಶಯಾಸ್ಪದವಾಗುತ್ತದೆ. ಜೊತೆಗೆ ಅದು ಉತ್ತರೆಯ ಮಳೆಯೋ ಹಸ್ತದ ಮಳೆಯೋ ಎಂಬುದನ್ನು ಬರೆದರೆ ನಮ್ಮ ರೈತರ ಪರಂಪರೆಯ ತಿಳಿವಳಿಕೆಯನ್ನೂ ಅಂಕಿಯೊಡನೆ ಹೋಲಿಸಿ ನೋಡುವ ಅವಕಾಶ ಒದಗುತ್ತದೆ. ದಕ್ಷಿಣ ಕನ್ನಡದ ಸುಳ್ಯದ ಕಡೆಯಲ್ಲಿ, ತಮ್ಮ ಅಂಗಳದ ಮಳೆಯನ್ನು ದಶಕಗಳ ಕಾಲ ಬಿಡದೆ ಅಳೆದು ಬರೆದ ಕೃಷಿಕರಿದ್ದಾರೆ. ಅಲ್ಲಿ ಸಾಧ್ಯವಾದುದು ಇಲ್ಲಿ ಅಸಾಧ್ಯವಾಗಲು ಕಾರಣವಿಲ್ಲ.

ಯಂತ್ರದ ದಾಖಲೆಗೂ ಇದೇ ನಿಯಮ. ಕಬ್ಬಿಣದ ಪಟ್ಟಿಯೆಂದು ಬರೆದರೆ ಸಾಲದು. ಅದರ ಉದ್ದ, ಅಗಲ, ದಪ್ಪಗಳೂ, ಅಂದಿನ ಬೆಲೆಯೂ, ಎಲ್ಲಿ ದೊರೆಯಿತೆಂಬುದೂ ಇರಬೇಕು. ಛಾಯಾಚಿತ್ರ ತೆಗೆಯುವಾಗ ಪಕ್ಕದಲ್ಲಿ ಒಂದು ಅಳತೆಪಟ್ಟಿ ಇರಬೇಕು. ಯಾವ ಮಣ್ಣಿನಲ್ಲಿ, ಯಾವ ಹದದಲ್ಲಿ, ಎಷ್ಟು ಹೊತ್ತು ಓಡಿಸಿದಾಗ ಎಷ್ಟು ಕೆಲಸವಾಯಿತು, ಎಷ್ಟು ಎಣ್ಣೆ ಉರಿಯಿತು ಎಂಬುದು ಇರಬೇಕು. ಎರೆಯಲ್ಲಿ ಸಲೀಸಾಗಿ ನಡೆದ ಕುಂಟೆ ಮಸಾರಿಯಲ್ಲಿ ನಡೆಯಲಾರದೆ ಹೋದೀತು. ವಿದ್ಯುತ್ತು, ಉಗಿ, ತಿರುಗುವ ಅಲಗು ಇವುಗಳಿರುವ ಕಡೆ ಅಪಾಯವೆಲ್ಲಿದೆ, ಅದನ್ನು ತಡೆಯುವುದು ಹೇಗೆ ಎಂಬುದನ್ನು ಬರೆಯದ ದಾಖಲೆಯು, ಎಷ್ಟೇ ವಿವರವಾಗಿದ್ದರೂ, ಇನ್ನೊಬ್ಬರ ಕೈಗೆ ಕೊಡಲು ಅರ್ಹವಲ್ಲ. ಬೆಸುಗೆ ಹಾಕಿದವರ, ಮರಗೆಲಸ ಮಾಡಿದವರ, ಸಲಹೆ ಕೊಟ್ಟವರ ಹೆಸರುಗಳನ್ನು ಅವರ ಒಪ್ಪಿಗೆ ಪಡೆದು ಬರೆಯುವುದೂ ದಾಖಲೆಯ ಅಂಗವೇ ಸರಿ.

ಮೂರು

ಇನ್ನು ಮೂರನೆಯ ಭಾಗ. ಯಶಸ್ಸನ್ನು ಬರೆಯುವುದಕ್ಕೆ ಯಾರನ್ನೂ ಪ್ರೇರೇಪಿಸಬೇಕಾದುದಿಲ್ಲ. ಸೋಲನ್ನು ಬರೆಯುವುದಕ್ಕೆ ಒಂದು ಬಗೆಯ ಧೈರ್ಯ ಬೇಕು. ಫ್ಯಾರಡೆಯ ವಿಷಯವನ್ನೇ ಇನ್ನೊಮ್ಮೆ ಹೇಳುತ್ತೇನೆ. 1862ರಲ್ಲಿ, ತನ್ನ ಪ್ರಯೋಗಜೀವನದ ಕೊನೆಯಲ್ಲಿ, ಅವನು ಜ್ವಾಲೆಯೊಂದನ್ನು ಬಲವಾದ ಅಯಸ್ಕಾಂತದ ಧ್ರುವಗಳ ನಡುವೆ ಇರಿಸಿ, ಅದರ ಬೆಳಕಿನ ರೋಹಿತರೇಖೆಗಳಲ್ಲಿ ಏನಾದರೂ ಬದಲಾವಣೆ ಕಾಣುವುದೇ ಎಂದು ಪರೀಕ್ಷಿಸಿದನು. ಏನೂ ಕಾಣಲಿಲ್ಲ, ಕಾಣಲಿಲ್ಲವೆಂದೇ ಬರೆದಿಟ್ಟನು. ಮೂವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಹಾಲೆಂಡಿನ ಪೀಟರ್ ಜೇಮನ್ ಆ ವಿಫಲ ಪ್ರಯತ್ನದ ವೃತ್ತಾಂತವನ್ನು ಓದಿ, ಫ್ಯಾರಡೆಯಂಥವನು ಸಾಧ್ಯವೆಂದು ಭಾವಿಸಿದ್ದುದನ್ನು ಇನ್ನೂ ಉತ್ತಮವಾದ ಉಪಕರಣದಿಂದ ಪುನಃ ಪರೀಕ್ಷಿಸುವುದು ಯೋಗ್ಯವೆಂದು ನಿಶ್ಚಯಿಸಿದನು. 1896ರಲ್ಲಿ ರೇಖೆಗಳು ಅಗಲವಾದುದು ಅವನಿಗೆ ಕಂಡಿತು. 1902ರಲ್ಲಿ ಆ ಕಾರ್ಯಕ್ಕಾಗಿ ನೊಬೆಲ್ ಪುರಸ್ಕಾರ ಬಂದಿತು. ಫ್ಯಾರಡೆಯು ನಾಚಿಕೆಯಿಂದ ಆ ಪುಟವನ್ನು ಹರಿದುಹಾಕಿದ್ದರೆ ಜೇಮನ್ನನಿಗೆ ಆ ಪ್ರೇರಣೆ ಎಲ್ಲಿಂದ ಬರುತ್ತಿತ್ತು?

ದೋಷವನ್ನು ದಾಖಲಿಸುವ ಸಂಪ್ರದಾಯ ನಮ್ಮ ದೇಶಕ್ಕೂ ಅಪರಿಚಿತವಲ್ಲ. ಒಂದು ಕಾಲಕ್ಕೆ ಬಳ್ಳಾರಿಯೊಡನೆ ದತ್ತಮಂಡಲಕ್ಕೆ ಸೇರಿದ್ದ ಕಡಪ ಸೀಮೆಯ ಪೋರುಮಾಮಿಳ್ಳ ಎಂಬಲ್ಲಿ, ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಕೆರೆಯ ಬಳಿ 1369ರ ಶಾಸನವೊಂದಿದೆ. ರಾಜನ ಕೀರ್ತಿಯನ್ನು ಹೇಳಿ ಸುಮ್ಮನಾಗದೆ ಅದು, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನು ಎಣಿಸುತ್ತದೆ: ಜಲಶಾಸ್ತ್ರವನ್ನು ಬಲ್ಲವನು, ಗಟ್ಟಿ ಜೇಡಿಯ ನೆಲ, ಸಿಹಿನೀರಿನ ಹೊಳೆ, ಗುಡ್ಡಗಳ ನಡುವೆ ಅತಿಯಾಗಿ ಉದ್ದವಲ್ಲದ ಕಲ್ಲಿನ ಕಟ್ಟೆ, ಹತ್ತಿರದಲ್ಲಿಯೇ ಕಲ್ಲಿನ ಗಣಿ, ಕುಶಲಿಗಳಾದ ಕೆಲಸಗಾರರು ಇತ್ಯಾದಿ. ಅದಾದ ಮೇಲೆ ಆರು ದೋಷಗಳನ್ನೂ ಹೇಳುತ್ತದೆ: ಕಟ್ಟೆಯಿಂದ ನೀರು ಜಿನುಗುವುದು, ಸವಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯಂಗಳದ ನಡುವೆ ದಿಬ್ಬವಿರುವುದು, ನೀರು ಕಡಿಮೆಯಾಗಿ ಹರವು ಹೆಚ್ಚಾಗಿರುವುದು, ನೆಲ ಕಡಿಮೆಯಾಗಿ ನೀರು ಹೆಚ್ಚಾಗಿರುವುದು. ಸಾವಿರ ಆಳುಗಳು ನೂರು ಬಂಡಿಗಳೊಡನೆ ಎರಡು ವರ್ಷ ದುಡಿದರೆಂಬ ಲೆಕ್ಕವೂ ಅಲ್ಲಿದೆ. ಸಾಧನ, ದೋಷ, ಆಳು, ಬಂಡಿ, ಕಾಲ: ಇವಿಷ್ಟೂ ಇರುವ ಒಂದು ತಾಂತ್ರಿಕ ವರದಿಯನ್ನು ಆರೂವರೆ ಶತಮಾನಗಳ ಹಿಂದೆ ಕಲ್ಲಿನಲ್ಲಿ ಬರೆಸಿದವರ ನೆರೆಹೊರೆಯವರು ನಾವು. ಕಾಗದದಲ್ಲಿ ಬರೆಯಲು ನಮಗೆ ಸಂಕೋಚವೇಕಾಗಬೇಕು?

ಸೋಲಿನ ಮಾತು ಇಷ್ಟಕ್ಕೆ ನಿಲ್ಲಲಿ. ಗುಟ್ಟಿನ ವಿಚಾರವನ್ನು ಎತ್ತಿಕೊಳ್ಳುತ್ತೇನೆ. ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಆಂಟೊನಿ ಲೇವನ್‌ಹುಕ್ ತನ್ನ ಕೈಯಿಂದಲೇ ಮಾಡಿದ ಒಂಟಿಗಾಜಿನ ಸೂಕ್ಷ್ಮದರ್ಶಕಗಳಿಂದ ಸೂಕ್ಷ್ಮಜೀವಿಗಳ ಪ್ರಪಂಚವನ್ನು ಮೊಟ್ಟಮೊದಲು ಕಂಡವನು. ವಿದ್ವಾಂಸರ ಲ್ಯಾಟಿನ್ ಭಾಷೆ ಅವನಿಗೆ ಬಾರದು. 1673ರಿಂದ 1723ರಲ್ಲಿ ತೀರಿಕೊಳ್ಳುವವರೆಗೂ, ಐವತ್ತು ವರ್ಷಗಳ ಕಾಲ, ಅವನು ತನ್ನ ತಾಯಿನುಡಿಯಾದ ಡಚ್ಚಿನಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರಗಳನ್ನು ಬರೆದನು. ಅನುವಾದಿಸಿಕೊಳ್ಳುವ ಶ್ರಮವನ್ನು ವಿದ್ವಾಂಸರೇ ವಹಿಸಿಕೊಂಡರು. ಅವನು ಕಂಡುದು ನಿಜವೇ ಎಂದು ಸಂಶಯ ಬಂದಾಗ, 1677ರಲ್ಲಿ ರಾಬರ್ಟ್ ಹುಕ್ ಅದೇ ಜೀವಿಗಳನ್ನು ಸೊಸೈಟಿಯ ಸದಸ್ಯರಿಗೆ ತೋರಿಸಿದನು. ಆದರೆ ಲೇವನ್‌ಹುಕ್ ಕಂಡುದನ್ನು ಹೇಳಿದನೇ ಹೊರತು, ತನ್ನ ಅತ್ಯುತ್ತಮ ಗಾಜುಗಳನ್ನು ಮಾಡಿದ ಬಗೆಯನ್ನು ಯಾರಿಗೂ ಹೇಳಲಿಲ್ಲ. ಅವನೊಡನೆ ಆ ಕಲೆ ಮುಗಿಯಿತು. ಅವನ ಬಳಿಕ ಬಹುಕಾಲ ಆ ಅಧ್ಯಯನ ಕುಂಠಿತವಾಯಿತು. ಉಳಿದಿರುವ ಕೆಲವು ಉಪಕರಣಗಳ ಒಳಗನ್ನು ಅರಿಯುವುದಕ್ಕೆ ನಮ್ಮ ಕಾಲದ ವಿಜ್ಞಾನಿಗಳು ಅವುಗಳ ಮೂಲಕ ನ್ಯೂಟ್ರಾನುಗಳನ್ನು ಹಾಯಿಸಿ ನೋಡಬೇಕಾಯಿತು. ಒಬ್ಬನೇ ಮನುಷ್ಯನಲ್ಲಿ ದಾಖಲೆಯ ಔದಾರ್ಯವೂ ಗುಟ್ಟಿನ ಲೋಭವೂ ಇದ್ದುವು. ಮೊದಲನೆಯದು ಅವನನ್ನು ಅಮರನನ್ನಾಗಿಸಿತು, ಎರಡನೆಯದು ಅವನ ವಿದ್ಯೆಯನ್ನು ಅವನೊಡನೆ ಕೊಂಡೊಯ್ದಿತು.

ಹಾಗೆಂದ ಮಾತ್ರಕ್ಕೆ ಎಲ್ಲವನ್ನೂ ಎಲ್ಲರಿಗೂ ತತ್‌ಕ್ಷಣವೇ ಹೇಳಿಬಿಡಬೇಕೆಂದು ನನ್ನ ಅಭಿಪ್ರಾಯವಲ್ಲ. ತನ್ನ ಯಂತ್ರದಿಂದ ಜೀವನೋಪಾಯ ಕಂಡುಕೊಳ್ಳಬೇಕೆಂಬ ಬಡಗಿಯ ಮಗನಿಗೆ ಪೇಟೆಂಟಿನ ಹಕ್ಕು ಇದ್ದೇ ಇದೆ. ಅದನ್ನು ಬಯಸುವವನು ಬಹಿರಂಗಪಡಿಸುವ ಮುಂಚೆಯೇ ಅರ್ಜಿ ಹಾಕತಕ್ಕದ್ದು. ಮುಂಚಿತವಾಗಿ ಪ್ರಕಟಿಸಿದರೆ ಹೊಸತೆಂಬ ಗುಣಕ್ಕೇ ಭಂಗ ಬರುವುದುಂಟು. ಆದರೆ ಪೇಟೆಂಟಿನ ಮೂಲತತ್ತ್ವವೇನೆಂಬುದನ್ನೂ ಗಮನಿಸಬೇಕು: ನಿನ್ನ ವಿದ್ಯೆಯನ್ನು ಇನ್ನೊಬ್ಬ ಕುಶಲಿಯು ಮಾಡಬಲ್ಲಷ್ಟು ಸಂಪೂರ್ಣವಾಗಿ ಬರೆದು ಕೊಡು, ಅದಕ್ಕೆ ಪ್ರತಿಯಾಗಿ ಇಪ್ಪತ್ತು ವರ್ಷ ಅದರ ಲಾಭವನ್ನು ನೀನೇ ಅನುಭವಿಸು, ಅನಂತರ ಅದು ಲೋಕದ್ದು ಎಂಬುದೇ ಆ ಕರಾರು. ಹೀಗೆ ಹಕ್ಕಿನ ಮಾರ್ಗವೂ ಬರವಣಿಗೆಯ ಮೂಲಕವೇ ಹಾದುಹೋಗುತ್ತದೆ.

ನಾಲ್ಕು

ಈಗ ಕೊನೆಯ ಭಾಗಕ್ಕೆ ಬಂದಿದ್ದೇವೆ. ಬರೆದುದನ್ನು ಯಾವ ಭಾಷೆಯಲ್ಲಿ, ಯಾರೊಡನೆ ಹಂಚಿಕೊಳ್ಳಬೇಕು? ಕನ್ನಡದಲ್ಲಿ ವಿಜ್ಞಾನ ಬರೆಯಲು ಸಾಧ್ಯವೇ ಎಂಬ ಪ್ರಶ್ನೆಗೆ ನೂರು ವರ್ಷಗಳ ಹಿಂದೆಯೇ ಉತ್ತರ ದೊರೆತಿದೆ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ನಡೆಸಿದರು, ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನೂ, ಮುಂದೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನೂ ರಚಿಸಿದರು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ‘ಬಾಲವಿಜ್ಞಾನ’ವನ್ನು ದಶಕಗಳಿಂದ ಪ್ರಕಟಿಸುತ್ತ ಬಂದಿದೆ. ಇವೆಲ್ಲವೂ ಬಲ್ಲವರು ಬಾರದವರಿಗೆ ತಿಳಿಯಹೇಳಿದ ಮಹತ್ಕಾರ್ಯಗಳು. ಇವುಗಳ ಜೊತೆಗೆ ಮಾಡಿದವನೇ ಬರೆಯುವ ಇನ್ನೊಂದು ಧಾರೆಯೂ ನಮ್ಮಲ್ಲಿ ಹುಟ್ಟಿದೆ.

ಆ ಧಾರೆಯ ಅತ್ಯುತ್ತಮ ನಿದರ್ಶನ ಪುತ್ತೂರಿನಿಂದ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’. ಕಾಸರಗೋಡಿನ ಗಡಿನಾಡಿನ ಕೃಷಿಕರಾದ ಶ್ರೀಪಡ್ರೆಯವರೂ ಅವರ ಸಂಗಡಿಗರೂ ‘ಕೃಷಿಕರ ಕೈಗೆ ಲೇಖನಿ’ ಎಂಬ ಧ್ಯೇಯವನ್ನಿಟ್ಟುಕೊಂಡು, ತೋಟದಲ್ಲಿ ದುಡಿಯುವವರಿಗೇ ಬರೆಯುವ ತರಬೇತು ಕೊಟ್ಟರು. ಯಾರೋ ಒಬ್ಬರು ತಮ್ಮ ತೋಟದಲ್ಲಿ ಮಾಡಿಕೊಂಡ ಸಣ್ಣ ಸಾಧನ, ಮಳೆನೀರನ್ನು ಇಂಗಿಸಿದ ಕ್ರಮ, ತಗಲಿದ ವೆಚ್ಚ, ಎದುರಾದ ತೊಡಕು, ಇವು ಅಲ್ಲಿ ಅಚ್ಚಾಗಿ, ನೂರು ಮೈಲಿ ದೂರದ ಇನ್ನೊಬ್ಬರ ತೋಟದಲ್ಲಿ ಮರುಹುಟ್ಟು ಪಡೆದುವು. ಇದೇ ಕಾಲದಲ್ಲಿ ಅಹಮದಾಬಾದಿನ ಅನಿಲ್ ಗುಪ್ತ ಅವರು ಕಟ್ಟಿದ ‘ಹನಿ ಬೀ’ ಬಳಗವೂ ಜನಸಾಮಾನ್ಯರ ಆವಿಷ್ಕಾರಗಳನ್ನು ಸಂಗ್ರಹಿಸತೊಡಗಿತು. ಅದರ ಕನ್ನಡ ಆವೃತ್ತಿ ‘ಹಿತ್ತಲ ಗಿಡ’. ಆ ಬಳಗವು ಪಾಲಿಸಿದ ಎರಡು ನಿಯಮಗಳು ನಮಗೆಲ್ಲರಿಗೂ ಅನುಸರಣೀಯವಾಗಿವೆ. ಕಂಡುಹಿಡಿದವನ ಹೆಸರನ್ನು ಅಳಿಸಕೂಡದು. ಅವನಿಂದ ಪಡೆದ ಜ್ಞಾನವನ್ನು ಅವನ ಭಾಷೆಯಲ್ಲಿಯೇ ಅವನಿಗೆ ಹಿಂದಿರುಗಿಸಬೇಕು. ಹೆಪ್ಪಿಗೆಂದು ನೆರೆಮನೆಗೆ ಒಂದು ಚಮಚ ಮೊಸರು ಕೊಟ್ಟರೆ ನಮ್ಮ ಮಡಕೆಯದು ಕಡಿಮೆಯಾಗದು, ಅವರ ಮಡಕೆಯಲ್ಲಿ ಹಾಲು ಹಾಲಾಗಿ ಉಳಿಯದು. ವಿದ್ಯೆಯ ವಿನಿಮಯವೂ ಹೀಗೆಯೇ.

ಹಂಚಿಕೊಂಡ ದಾಖಲೆಯಿಂದ ಒಂದು ಊರಿಗೆ ಏನು ಲಭಿಸಬಹುದೆಂಬುದಕ್ಕೆ ಸಾಕ್ಷ್ಯ ಈ ತಾಲೂಕಿನಲ್ಲಿಯೇ ಇದೆ. ನಮ್ಮ ಅಂಕಸಮುದ್ರದ ಕೆರೆ ಶತಮಾನಗಳ ಹಿಂದೆ ನೀರಾವರಿಗಾಗಿ ಕಟ್ಟಿದ, ನೂರು ಹೆಕ್ಟೇರಿಗೆ ತುಸು ಕಡಿಮೆ ವಿಸ್ತೀರ್ಣದ ಒಂದು ಹಳ್ಳಿಯ ಕೆರೆ. ಅದರೊಳಗಿನ ಜಾಲಿಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಊರಿನವರು ಕಂಡೇ ಇದ್ದರು. ಅದನ್ನು 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಅದು ರಾಮ್ಸಾರ್ ತಾಣವಾಗಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿರುವುದು 2024ರ ಜನವರಿಯಲ್ಲಿ ಪ್ರಕಟವಾಯಿತು. ಆ ಪಟ್ಟಿಯ ಮಾನದಂಡಗಳಲ್ಲಿ ಎರಡನ್ನು ಕೇಳಿರಿ: ತಾಣವು ನಿಯತವಾಗಿ 20,000 ಅಥವಾ ಅದಕ್ಕೂ ಹೆಚ್ಚು ನೀರುಹಕ್ಕಿಗಳಿಗೆ ಆಶ್ರಯವಾಗಿರಬೇಕು, ಇಲ್ಲವೆ ಒಂದು ಜಾತಿಯ ಹಕ್ಕಿಗಳ ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ ಒಂದರಷ್ಟಾದರೂ ಅಲ್ಲಿರಬೇಕು. ಅಂಕಸಮುದ್ರದಲ್ಲಿ 30,000ಕ್ಕೂ ಮೀರಿ ನೀರುಹಕ್ಕಿಗಳು ಸೇರುತ್ತವೆಂದೂ, ಬಣ್ಣದ ಕೊಕ್ಕರೆ ಮತ್ತು ಬಿಳಿ ಕೆಂಬರಲುಗಳಲ್ಲಿ ನೂರಕ್ಕೆ ಒಂದಕ್ಕಿಂತ ಹೆಚ್ಚು ಇಲ್ಲಿವೆಯೆಂದೂ ರಾಮ್ಸಾರ್ ಪಟ್ಟಿಯ ವಿವರದಲ್ಲಿದೆ. ಎಣಿಸದೆ ಈ ಮಾತನ್ನು ಹೇಳುವಂತಿಲ್ಲ; ಬರೆದಿಡದೆ ಎಣಿಕೆಗೆ ಬೆಲೆಯಿಲ್ಲ. ಹಕ್ಕಿಗಳು ಬಹಳ ಇವೆ ಎಂಬ ಊರಮಾತಿಗೆ ತೆರೆಯದ ಬಾಗಿಲು, ದಿನಾಂಕವೂ ಜಾತಿಯೂ ಸಂಖ್ಯೆಯೂ ಇರುವ ಪಟ್ಟಿಗೆ ತೆರೆಯಿತು. ದೂರದರ್ಶಕವನ್ನು ಕೊರಳಿಗೆ ಹಾಕಿಕೊಂಡು ಬೆಳಗಿನ ಜಾವ ಕೆರೆಯ ಏರಿಯ ಮೇಲೆ ನಿಲ್ಲುವ ಪ್ರತಿಯೊಬ್ಬ ಹವ್ಯಾಸಿಗೂ ಈ ಸಂಗತಿ ಹೆಮ್ಮೆ ತರತಕ್ಕದ್ದು. ಜೊತೆಗೆ, ವಿರಳವಾದ ಹಕ್ಕಿಯ ಗೂಡಿನ ನೆಲೆಯನ್ನು ಸಾರ್ವಜನಿಕವಾಗಿ ಹೇಳದಿರುವ ವಿವೇಕವೂ ಅವನಲ್ಲಿರಬೇಕು. ಹಂಚಿಕೆಯಿಂದ ಹಾನಿಯಾಗುವಲ್ಲಿ ಮೌನವೂ ಧರ್ಮವೇ.

ಇನ್ನು ನಾವು ಮಾಡಬಹುದಾದ ಕಾರ್ಯಗಳನ್ನು ಸಂಗ್ರಹವಾಗಿ ನಿವೇದಿಸುತ್ತೇನೆ. ಮೊದಲನೆಯದಾಗಿ, ಈ ಉಪನ್ಯಾಸ ನಡೆಯುತ್ತಿರುವ ಕಾಲೇಜಿನ ಗ್ರಂಥಾಲಯದಲ್ಲಿ ಹವ್ಯಾಸಿಗಳ ಪ್ರಯೋಗಪುಸ್ತಕಗಳಿಗಾಗಿ ಒಂದು ಕಪಾಟನ್ನು ಮೀಸಲಿಡಬೇಕು. ಕೊಟ್ಟೂರಿನ ಲೇತ್ ಕೆಲಸಗಾರನಾಗಲಿ, ಹಡಗಲಿಯ ಮಲ್ಲಿಗೆ ಬೆಳೆಗಾರಳಾಗಲಿ, ತನ್ನ ಪ್ರಯೋಗದ ವೃತ್ತಾಂತವನ್ನು ತಂದರೆ ಅದಕ್ಕೆ ಸಂಖ್ಯೆ ಹಾಕಿ, ಪ್ರತಿ ತೆಗೆದು, ಮೂಲವನ್ನು ಹಿಂದಿರುಗಿಸಿ, ಪ್ರತಿಯನ್ನು ಕಾಪಾಡಬೇಕು. ಎರಡನೆಯದಾಗಿ, ಬರೆಯಲು ಬಾರದವರ ಬಳಿಗೆ ವಿದ್ಯಾರ್ಥಿಗಳು ಹೋಗಿ, ಅವರು ಹೇಳಿದಂತೆ ಬರೆದು, ಬರೆದುದನ್ನು ಅವರ ಮುಂದೆ ಓದಿ, ಅವರಿಂದ ತಿದ್ದಿಸಿಕೊಂಡು ಬರಬೇಕು. ಆ ಬರಹದ ಒಡೆತನ ಹೇಳಿದವರದೇ ಹೊರತು ಬರೆದುಕೊಂಡವರದಲ್ಲ. ಮೂರನೆಯದಾಗಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಈ ಐದು ತಾಲೂಕುಗಳ ಪ್ರೌಢಶಾಲೆಗಳು ಒಂದೇ ಮಾದರಿಯ ಮಳೆಮಾಪಕವನ್ನು ಮಾಡಿಕೊಂಡು, ಒಂದೇ ಹೊತ್ತಿಗೆ ಅಳೆದು, ವರ್ಷಾಂತ್ಯದಲ್ಲಿ ಲೆಕ್ಕವನ್ನು ಒಂದೆಡೆ ಸೇರಿಸಬೇಕು. 1993ರಿಂದ ನಡೆದು ಬಂದಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಮಕ್ಕಳು ತಮ್ಮ ಊರಿನ ಸಮಸ್ಯೆಯೊಂದನ್ನು ಅಧ್ಯಯನ ಮಾಡಿ, ತಮ್ಮ ಭಾಷೆಯಲ್ಲಿಯೇ ಮಂಡಿಸುವ ಪದ್ಧತಿಯಿದೆ. ಸಮಾವೇಶ ಮುಗಿದೊಡನೆ ಆ ವರದಿಗಳು ಮೂಲೆಗೆ ಸೇರದೆ ನಾನು ಹೇಳಿದ ಕಪಾಟಿಗೆ ಬರಬೇಕು. ನಾಲ್ಕನೆಯದಾಗಿ, ವರ್ಷಕ್ಕೊಂದು ದಿನ, ಇದೇ ಸಭಾಂಗಣದಲ್ಲಿ, ಬೇರೊಬ್ಬರ ಬರಹವನ್ನು ಓದಿ ಅದರಂತೆ ಪ್ರಯೋಗವನ್ನು ಪುನಃ ಮಾಡಿದವರು ತಮ್ಮ ಅನುಭವವನ್ನು ಹೇಳಬೇಕು. ಬರಹದಲ್ಲಿ ಯಾವ ಅಳತೆ ಬಿಟ್ಟುಹೋಗಿತ್ತು, ಯಾವ ವಾಕ್ಯ ಅಸ್ಪಷ್ಟವಾಗಿತ್ತು ಎಂಬುದು ಆಗ ತಾನಾಗಿ ಹೊರಬೀಳುತ್ತದೆ. ಹೊಸದನ್ನು ಮಾಡಿದವನಿಗೆ ಬಹುಮಾನ ಕೊಡುವ ಸಂಸ್ಥೆಗಳು ಅನೇಕ. ಇನ್ನೊಬ್ಬನು ಮಾಡಿದುದನ್ನು ಶ್ರದ್ಧೆಯಿಂದ ಪರೀಕ್ಷಿಸಿದವನಿಗೂ ಮನ್ನಣೆ ಸಲ್ಲುವ ಸ್ಥಳ ಇದಾಗಲಿ.

ಮಹನೀಯರೇ, ನಮ್ಮ ಹಿರಿಯರು ಮನುಷ್ಯನು ಹುಟ್ಟುತ್ತಲೇ ಹೊತ್ತು ಬರುವ ಋಣಗಳಲ್ಲಿ ಋಷಿಋಣವನ್ನೂ ಎಣಿಸಿ, ಕಲಿಯುವುದರಿಂದಲೂ ಕಲಿಸುವುದರಿಂದಲೂ ಅದು ತೀರತಕ್ಕದ್ದೆಂದು ವಿಧಿಸಿದರು. ಬೆಸುಗೆಯ ಕಿಡಿಯನ್ನು ಮೊದಲು ಪಳಗಿಸಿದವನು, ಕೂರಿಗೆಯನ್ನು ಮೊದಲು ಕಟ್ಟಿದವನು, ನಕ್ಷತ್ರಗಳಿಗೂ ಮಳೆಗೂ ಮೊದಲು ಸಂಬಂಧ ಕಂಡವನು, ಇವರೆಲ್ಲರೂ ನಮಗೆ ಹೆಸರು ತಿಳಿಯದ ಋಷಿಗಳೇ. ಅವರಿಂದ ಪಡೆದ ವಿದ್ಯೆಗೆ ನಮ್ಮ ಕೈಯ ಅನುಭವವನ್ನು ಕೂಡಿಸಿ, ಅಳತೆಯೊಡನೆ, ದಿನಾಂಕದೊಡನೆ, ಸೋಲಿನೊಡನೆ, ಸಹಾಯ ಮಾಡಿದವರ ಹೆಸರಿನೊಡನೆ, ನಮ್ಮ ಕನ್ನಡದಲ್ಲಿ ಬರೆದು ಮುಂದಿನವರ ಕೈಗೆ ಒಪ್ಪಿಸುವುದು ಆ ಋಣವನ್ನು ತೀರಿಸುವ ಮಾರ್ಗ. ವಿದ್ಯಾರ್ಥಿಮಿತ್ರರು ಒಂದು ನೋಟುಪುಸ್ತಕವನ್ನು ತೆಗೆದುಕೊಂಡು ಅದರ ಮೊದಲ ಪುಟದಲ್ಲಿ ನಾಳೆಯ ದಿನಾಂಕವನ್ನು ಬರೆಯಲಿ ಎಂದೂ, ಅಧ್ಯಾಪಕರು ಆ ಪುಸ್ತಕವನ್ನು ತಿಂಗಳಿಗೊಮ್ಮೆಯಾದರೂ ಕೇಳಿ ನೋಡಲಿ ಎಂದೂ ಪ್ರಾರ್ಥಿಸುತ್ತೇನೆ.